ನಮ್ಮ ಬೀಗಿತ್ತಿಗೆ, ಎಲ್ಲರ ಎದುರಿಗೆ

ಅಲರ್ಜಿ ಮಾತ್ರೆ ನಿಲ್ಲಿಸಿ ಇವತ್ತಿಗೆ 60 ದಿನ. ಮೈಮೇಲೆ ಒಂದೇ ಒಂದು ದದ್ದು ಇಲ್ಲ. ಹೀಗೆ ಬರೆಯೋಕೂ ಭಯ, ನನ್ನ ದೃಷ್ಟಿಯೇ ನನಗೆ ತಾಗೀತು ಅಂತ. ಆದರೂ ಇನ್ನೂ ಮುಂದೂಡಿದರೆ ಬರೆಯೋದೇ ಇಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ಮಗನ ಮನೆಯವರ ಜೊತೆ ಅಲಾಸ್ಕಾ ಹಡಗಿನ ಪ್ರವಾಸಕ್ಕೆ ಹೋದಾಗ ಮೈತುಂಬ ಗಂಧೆ, ಅಂದರೆ ತುರಿಸುವ ದದ್ದು, ಎದ್ದ ಕತೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿದೆ. ಯಾವ ರಿಪೋರ್ಟಿನಲ್ಲಿ ಏನು ಬಂತು, ಎಷ್ಟು ಸಲ ರಕ್ತ ಕೊಟ್ಟೆ ಎಲ್ಲ ಫೋನಿನಲ್ಲಿ ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ. ಮತ್ತೆ ಕೊರೆಯಲ್ಲ. ಕಾರಣ ಕೊನೆಗೂ ಸಿಕ್ಕಲಿಲ್ಲ, ಅಷ್ಟು ಸಾಕು.

ಮೊದಲು ಸಾಲಾಗಿ ಎಲ್ಲರಿಗೂ ಹೇಳಿಬಿಡುತ್ತೇನೆ. ಮೈಸೂರಿಗೆ ಬಂದ ಮೇಲೆ ಸ್ಕೂಟರಿನಲ್ಲಿ ಆಸ್ಪತ್ರೆಗೆ ಸುತ್ತಿಸಿದ ತಮ್ಮ, ಖಾರ ಹಾಕದ ಸಾರು ಕಳಿಸಿದ ಎದುರುಮನೆಯವರು, ನನ್ನ ಹೆಸರಲ್ಲಿ ಕುಕ್ಕೆಗೆ ಹೋಗಿ ಬಂದ ಚಿಕ್ಕಮ್ಮ, ಹಡಗಿನಲ್ಲಿ ದಿನಕ್ಕೆರಡು ಸಲ ಹಾಸಿಗೆ ಬಟ್ಟೆ ಬದಲಿಸಿಕೊಟ್ಟ ಫಿಲಿಪ್ಪೀನ್ಸಿನ ಹುಡುಗ, ಆ ರಾತ್ರಿ ಇಂಜೆಕ್ಷನ್ ಕೊಟ್ಟ ಡಾಕ್ಟರು, ನರ್ಸಮ್ಮ, ಎಲ್ಲರಿಗೂ ಕೈ ಮುಗಿದೆ. ಮಗ ಸೊಸೆಗೆ ಬೇರೆಯಾಗಿ ಹೇಳಲ್ಲ, ಹೇಳಿದರೆ ಬೈತಾರೆ. "ಏನು ತಿಂದ್ರಿ?" ಅಂತ ಕೇಳಿದ ಎಲ್ಲರಿಗೂ ಥ್ಯಾಂಕ್ಸ್. ಕಾಳಜಿಯಿಂದಲೇ ಕೇಳಿದ್ದೀರಿ. ಆದರೆ ನಲವತ್ತನೇ ಸಲ ಅದನ್ನು ಕೇಳುವಾಗ, ಏನೋ ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ ಅನಿಸುತ್ತಿತ್ತು ನನಗೆ.

ಏನು ತಿಂದ್ರಿ ಅಂತ ಒಂದು ಸಲವೂ ಕೇಳದೆ ಇದ್ದವರು ಒಬ್ಬರೇ. ನನ್ನ ಸೊಸೆಯ ಅಮ್ಮ. ಈ ಬರಹ ನಿಜವಾಗಿ ಅವರಿಗೆ.

ಒಂದು ತಪ್ಪೊಪ್ಪಿಗೆ ಮೊದಲೇ ಆಗಿಬಿಡಲಿ. ಮಕ್ಕಳ ಮದುವೆ ಆದಾಗಿನಿಂದ ನಮ್ಮಿಬ್ಬರದು ಬರೀ "ಚೆನ್ನಾಗಿದ್ದೀರಾ, ಮಳೆ ಆಯ್ತಾ" ಸಂಬಂಧ. ಮದುವೆ ಮನೆಯಲ್ಲಿ ಎಂಥದೋ ತಾಂಬೂಲದ ವಿಷಯಕ್ಕೆ ನನಗೆ ಅಸಮಾಧಾನವಾಗಿತ್ತು. ಆಕೆ ಜಂಬದವರು ಅಂತ ನಿಮ್ಮಲ್ಲಿ ಮೂರು ನಾಲ್ಕು ಜನರ ಹತ್ತಿರ ನಾನೇ ಹೇಳಿದ್ದೆ. ಯಾರ ಹತ್ತಿರ ಅಂತ ನಿಮಗೇ ಗೊತ್ತು. ಆ ಮಾತು ವಾಪಸ್ ತಗೊಂಡಿದ್ದೇನೆ.

ಮಗ ಟಿಕೆಟ್ ತೆಗೆಯುವಾಗ ನಮ್ಮಿಬ್ಬರನ್ನೂ ಒಂದೇ ರೂಮಿಗೆ ಹಾಕಿದ. ನಮ್ಮ ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಬೀಗರು ತಮ್ಮೂರು ಸಾಗರ ಬಿಟ್ಟು ಕದಲಲಿಲ್ಲ, ಜೂನ್ ಅಂದರೆ ಅಡಿಕೆಗೆ ಔಷಧಿ ಹೊಡೆಸುವ ಕಾಲ. ಹಾಗಾಗಿ ಏಳು ರಾತ್ರಿ ಬೀಗಿತ್ತಿಯರಿಬ್ಬರೂ ಒಂದು ಕೋಣೆ, ಒಂದು ಬಾತ್‌ರೂಮು. ಮೊದಲ ಮೂರು ದಿನ ನಾವು ಒಬ್ಬರಿಗೊಬ್ಬರು "ನೀವು ಮೊದಲು ಹೋಗಿ", "ಇಲ್ಲ ಇಲ್ಲ, ನೀವು ಹೋಗಿ" ಅಂತಲೇ ಕಳೆದೆವು.

ಸ್ಕ್ಯಾಗ್ವೇ ಊರಿನಲ್ಲಿ ರೈಲು ಹತ್ತಿದೆವು. ಚಿನ್ನದ ಹುಚ್ಚಿಗೆ ಜನ ಮುಗಿಬಿದ್ದ ಕಾಲದಲ್ಲಿ, 1898ರಲ್ಲಿ, ಹಾಕೋಕೆ ಶುರು ಮಾಡಿದ ದಾರಿ ಅದು. ಬೆಟ್ಟದ ಅಂಚಿನಲ್ಲೇ ಹೋಗುತ್ತೆ. ಮೇಲೆ ಚಳಿ, ಗಾಳಿ. ಹಡಗಿಗೆ ಬಂದ ಮೇಲೆ ಮಂಡಿ ನೋವು ಅಂತ ಒಂದು ನೋವಿನ ಮಾತ್ರೆ ನುಂಗಿದೆ. ರಾತ್ರಿ ಹತ್ತೂವರೆಗೆ, ಆಗಷ್ಟೇ ಸೂರ್ಯ ಮುಳುಗಿದ್ದ, ಹೊಟ್ಟೆಯ ಮೇಲೆ ಎರಡು ಗಂಧೆ. ಅರ್ಧ ಗಂಟೆಯಲ್ಲಿ ತೊಡೆ, ಬೆನ್ನು, ಕುತ್ತಿಗೆ. ಕಾವಲಿಯ ಮೇಲೆ ಎರಡು ದೋಸೆ ಹರಡಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕೂಡಿಕೊಳ್ಳುತ್ತಾ ಹೋದವು. ಆಮೇಲೆ ಮೇಲ್ತುಟಿ ಊದಿತು. ಕನ್ನಡಿಯಲ್ಲಿ ನೋಡಿದರೆ ಯಾರೋ ಬೇರೆ ಹೆಂಗಸು.

ಕೆಳಗಿನ ಡೆಕ್ಕಿನ ಕ್ಲಿನಿಕ್ಕಿಗೆ ಮಗನೇ ಕರೆದುಕೊಂಡು ಹೋದ. ಇಂಜೆಕ್ಷನ್ ಆಯ್ತು, ಸ್ವಲ್ಪ ಹೊತ್ತು ಮಲಗಿಸಿ ನೋಡಿದರು, ತುಟಿ ಇಳಿಯಿತು. ನಾಲಿಗೆ ದಪ್ಪ ಆದರೆ, ಗಂಟಲು ಬಿಗಿದರೆ, ಉಸಿರಿಗೆ ಕಷ್ಟ ಆದರೆ ಒಂದು ಕ್ಷಣವೂ ಕಾಯಬೇಡಿ, ಫೋನ್ ಮಾಡಿ ಅಂದರು. ನರ್ಸಮ್ಮ ನನ್ನ ಮುಂಗೈ ಮೇಲಿನ ಒಂದು ಗಂಧೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು. ಮರುದಿನ ನಿಲ್ಲುವ ಊರೇ ಇರಲಿಲ್ಲ, ದಿನಪೂರ್ತಿ ಗ್ಲೇಸಿಯರ್ ಬೇ ಅನ್ನೋ ಹಿಮನದಿಗಳ ಕೊಲ್ಲಿಯ ಒಳಗೆ ಸುತ್ತಾಟ. ಹೆಚ್ಚುಕಮ್ಮಿ ಆದರೆ ಇಳಿಯೋದೆಲ್ಲಿ? ಮಗನ ಮುಖದಲ್ಲಿ ಅದೇ ಪ್ರಶ್ನೆ ಇತ್ತು. ಅವನನ್ನು ಬೀಗಿತ್ತಿಯೇ ವಾಪಸ್ ಕಳಿಸಿದರು. "ಮಗು ಎದ್ದರೆ ನಿಮ್ಮನ್ನ ಹುಡುಕುತ್ತೆ. ನೀವು ಹೋಗಿ ಮಲಗಿ. ನಾನಿದ್ದೇನಲ್ಲ."

ಆಮೇಲೆ ಶುರುವಾಯ್ತು ತುರಿಕೆ.

ತುರಿಕೆಯನ್ನು ಯಾರೂ ದೊಡ್ಡ ಕಾಯಿಲೆ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ನಾನೂ ತಗೊಂಡಿರಲಿಲ್ಲ. ಅಂಗಾಲಿನಿಂದ ತಲೆಬುರುಡೆವರೆಗೆ ಒಂದೇ ಸಲ ಬಂದರೆ ಚರ್ಮ ಸುಲಿದು ಮೂಲೆಗೆ ಎಸೆಯೋಣ ಅನಿಸುತ್ತೆ. ಕೆರೆದುಕೊಂಡಷ್ಟೂ ಜಾಸ್ತಿ. ಅವರು ಮೊದಲು ಮಾಡಿದ ಕೆಲಸ ಅಂದರೆ ತಮ್ಮ ಚೀಲದಿಂದ ನೇಲ್ ಕಟರ್ ತೆಗೆದು, ದೀಪದ ಕೆಳಗೆ ನನ್ನ ಕೈ ಹಿಡಿದು, ಹತ್ತೂ ಉಗುರು ಕತ್ತರಿಸಿದ್ದು. ಮಂಗಳವಾರ ತಲೆಗೆ ಎಣ್ಣೆ ಮುಟ್ಟಿಸದ ಹೆಂಗಸು ಅವರು, ಅಮಾವಾಸ್ಯೆಗೆ ಪ್ರಯಾಣ ಹೊರಡದವರು. "ರಾತ್ರಿ ಹೊತ್ತು ಉಗುರು ಕತ್ತರಿಸಬಾರದು ಅಲ್ವಾ?" ಅಂದೆ. ಕಿಟಕಿ ಕಡೆ ನೋಡಿದರು. ಗಂಟೆ ಹನ್ನೆರಡೂವರೆ ಆಗಿತ್ತು, ದೂರದಲ್ಲಿ ನೀರಿನ ಅಂಚಿಗೆ ಇನ್ನೂ ಬೆಳಕಿನ ಗೆರೆ ಇತ್ತು. "ಇಲ್ಲೆಲ್ಲಿ ರಾತ್ರಿ ಆಗಿದೆ? ಲೆಕ್ಕಕ್ಕಿಲ್ಲ ಬಿಡಿ" ಅಂದರು.

ಆಮೇಲೆ ತಮ್ಮ ಉಣ್ಣೆಯ ಕಾಲುಚೀಲ ತೆಗೆದು ನನ್ನ ಎರಡೂ ಕೈಗೆ ಹಾಕಿದರು. ಒದ್ದೆ ಟವೆಲ್ಲು, ಅದು ಬೆಚ್ಚಗಾದ ಹಾಗೆ ಇನ್ನೊಂದು. ಹಡಗಿನವರು ದಿನಾ ಒಂದು ಕಾರ್ಯಕ್ರಮದ ಹಾಳೆ ಕೊಡುತ್ತಿದ್ದರು, ಬಿಂಗೋ ಎಷ್ಟು ಗಂಟೆಗೆ, ಯೋಗ ಎಷ್ಟು ಗಂಟೆಗೆ ಅಂತ. ಅದರ ಹಿಂಬದಿಯಲ್ಲಿ ಗೆರೆ ಹಾಕಿ ಬರೆಯುತ್ತಾ ಕೂತರು. "12.40 ಎಡ ತೋಳು ಹೊಸದು. 1.15 ಹೊಟ್ಟೆ ಕಮ್ಮಿ. 1.50 ಕಿವಿ ಹಿಂದೆ. ತುಟಿ ಸರಿ. ಉಸಿರು ಸರಿ." ಪ್ರತಿ ಸಾಲಿನ ಕೊನೆಗೂ "ಉಸಿರು ಸರಿ". ಅರ್ಧ ಗಂಟೆಗೊಮ್ಮೆ ನಾಲಿಗೆ ಚಾಚಿ ಅನ್ನೋರು, ಟಾರ್ಚ್ ಬಿಟ್ಟು ನೋಡೋರು.

ನನ್ನ ಗಮನ ಬೇರೆ ಕಡೆ ಎಳೆಯೋಕೆ ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ತೋಟದ ಮಾತು. ಅಡಿಕೆಯ ಕೊಳೆರೋಗಕ್ಕೆ ಹೊಡೆಸುವ ಬೋರ್ಡೋ ದ್ರಾವಣ ಮಾಡುವ ವಿಧಾನ ಪೂರ್ತಿ ಹೇಳಿದರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಉಲ್ಟಾ ಹಾಕಬಾರದು. ಕಬ್ಬಿಣದ ಕತ್ತಿ ಅದ್ದಿ ನೋಡಿದಾಗ ಕೆಂಪಗೆ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಒಂದೆಲೆ ಅಡಿಕೆ ಹಾಕದ ನನಗೆ ಇವತ್ತಿಗೂ ಇದೆಲ್ಲ ನೆನಪಿದೆ. "ಊರಲ್ಲೀಗ ಮಧ್ಯಾಹ್ನ ಮೂರೂವರೆ. ಇವರು ಊಟ ಮಾಡಿ ಒಂದು ನಿದ್ದೆ ತೆಗೆದು, ಮಳೆಗೆ ಮುಂಚೆ ಮುಗಿಯುತ್ತೋ ಇಲ್ಲವೋ ಅಂತ ಆಕಾಶ ನೋಡ್ತಿರ್ತಾರೆ" ಅಂದರು. ನಮಗಲ್ಲಿ ಬೆಳಗಿನ ಜಾವ ಎರಡು ಗಂಟೆ.

ಸೂಟ್‌ಕೇಸಿನ ತಳದಲ್ಲಿ ಒಂದು ಡಬ್ಬಿ ಇತ್ತು, ಒಣಗಿಸಿದ ಮುರುಗಲು (ಪುನರ್ಪುಳಿ) ಹಣ್ಣಿನ ಸಿಪ್ಪೆ. ಅವರ ಕಡೆ ಪಿತ್ತದ ಗಂಧೆ ಅಂದರೆ ಮೊದಲು ಕೈ ಹೋಗೋದೇ ಅದಕ್ಕೆ. ಚಹಾ ಲೋಟದಲ್ಲಿ ನೆನೆಸಿ, ಚಿಟಿಕೆ ಉಪ್ಪು ಹಾಕಿ ಕೊಟ್ಟರು. "ಡಾಕ್ಟರ ಮಾತ್ರೆ ಮೊದಲು ತಗೊಳ್ಳಿ, ಆಮೇಲೆ ಇದು" ಅಂತ ಕಟ್ಟುನಿಟ್ಟು. ಕಮ್ಮಿಯಾಗಿದ್ದು ಇಂಜೆಕ್ಷನ್ನಿಂದಲೇ ಅಂತ ನನ್ನ ನಂಬಿಕೆ. ಆದರೆ ಆ ಹುಳಿ ನೀರು ಗಂಟಲಲ್ಲಿ ಇಳಿದಾಗ, ಗಂಟಲು ಬಿಗಿದಿಲ್ಲ ಅಂತ ನನಗೇ ಖಾತ್ರಿ ಆಯ್ತು. ಅದಕ್ಕಿಂತ ಏನು ಬೇಕಿತ್ತು?

ಮೂರು ಗಂಟೆ ಹೊತ್ತಿಗೆ ಬೆನ್ನಿಗೆ ಗುಲಾಬಿ ಬಣ್ಣದ ಕ್ಯಾಲಮೈನ್ ಹಚ್ಚೋಕೆ ಕೂತರು. ಅಂಗೈಯಲ್ಲಿ ಮೆಲ್ಲಗೆ, ಮೇಲಿಂದ ಕೆಳಗೆ. ಅಲ್ಲಿವರೆಗೆ ಗಟ್ಟಿಯಾಗಿದ್ದವಳು ಅಲ್ಲಿ ಅತ್ತುಬಿಟ್ಟೆ. ತುರಿಕೆಗೆ ಅಲ್ಲ, ಭಯಕ್ಕೂ ಅಲ್ಲ. ನಾಲ್ಕು ವರ್ಷದಲ್ಲಿ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಅದು ನನಗೇ ಗೊತ್ತಿರಲಿಲ್ಲ, ಆ ಕೈ ಬೀಳುವ ತನಕ. ಇದನ್ನಿಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮ ವಯಸ್ಸಿನ ಒಂಟಿ ಹೆಂಗಸರು ಹೇಳದೆ ಬಿಡುವ ಮಾತು ಇದು. ಇರಲಿ, ಬರೆದಾಯ್ತು.

ಅವರು ಸಮಾಧಾನ ಗೀಮಾಧಾನ ಏನೂ ಹೇಳಲಿಲ್ಲ. "ಅಳಬೇಡ. ಅತ್ತರೆ ಮೈ ಬಿಸಿಯಾಗಿ ಇನ್ನೂ ತುರಿಸುತ್ತೆ. ಸುಮ್ನೆ ಮಲಕ್ಕೋ" ಅಂದರು.

ಮಲಕ್ಕೋ. ಏಕವಚನ. ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಸಲ. ಬೆಳಗ್ಗೆ ಎದ್ದಾಗ ಮತ್ತೆ "ನೀವು" ಆಗಿತ್ತು. ಇಬ್ಬರೂ ಆ ಬಗ್ಗೆ ಇಲ್ಲಿವರೆಗೂ ಮಾತಾಡಿಲ್ಲ.

ನಾಲ್ಕು ಗಂಟೆಗೆಲ್ಲ ಬೆಳಕು ಹರಿದಿತ್ತು. ಆರು ಗಂಟೆಯೂ ಇಲ್ಲದ ರಾತ್ರಿ ಅದು, ಇಷ್ಟು ಉದ್ದದ್ದು ನಾನು ಬೇರೆ ಕಂಡಿಲ್ಲ. ಮುಂಗೈ ನೋಡಿಕೊಂಡರೆ ನರ್ಸಮ್ಮನ ಪೆನ್ನಿನ ಗೆರೆ ಹಾಗೇ ಇದೆ, ಒಳಗೆ ಏನೂ ಇಲ್ಲ. ಗಂಧೆ ಅಲ್ಲಿಂದ ಕಾಲು ಕಿತ್ತು ಮೊಣಕೈ ಹತ್ತಿರ ಬಿಡಾರ ಹೂಡಿತ್ತು. ಇದರ ಸ್ವಭಾವವೇ ಅಷ್ಟಂತೆ, ಸಾಮಾನ್ಯವಾಗಿ ಒಂದು ಜಾಗದಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲಲ್ಲ.

ಅವತ್ತು ಪಾರ್ಕಿನ ರೇಂಜರ್‌ಗಳು ಹಡಗು ಹತ್ತಿ ಮೈಕಿನಲ್ಲಿ ವಿವರ ಹೇಳುತ್ತಿದ್ದರು. 1794ರಲ್ಲಿ ಯುರೋಪಿನವರ ಹಡಗು ಬಂದಾಗ ಈ ಕೊಲ್ಲಿ ಹೆಚ್ಚುಕಮ್ಮಿ ಪೂರ್ತಿ ಹಿಮಗಡ್ಡೆಯಂತೆ. ಈಗ ಅದು ನೂರು ಕಿಲೋಮೀಟರಿಗೂ ಜಾಸ್ತಿ ಹಿಂದೆ ಸರಿದಿದೆ. ಹಡಗು ಮಾರ್ಜರಿ ಹಿಮನದಿಯ ಎದುರಿಗೆ ನಿಂತಿತು. ನೀಲಿ ಗೋಡೆ. ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತಿದ್ದೆ. ದೊಡ್ಡ ತುಂಡೊಂದು ಕಳಚಿ ನೀರಿಗೆ ಬಿತ್ತು. ಮೊದಲು ಕಣ್ಣಿಗೆ ಕಂಡಿತು, ಆಮೇಲೆ ಗುಡುಗಿನ ಹಾಗೆ ಸದ್ದು ಬಂತು. ಇದನ್ನು ನೋಡಲೆಂದೇ ಬೀಗಿತ್ತಿ ಸಾಗರದಿಂದ ಅಷ್ಟು ದೂರ ಬಂದಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ, ಮಡಿಲಲ್ಲಿ ಆ ಹಾಳೆ, ಕಾಲಲ್ಲಿ ಕಾಲುಚೀಲ ಇಲ್ಲ. ಅದಿನ್ನೂ ನನ್ನ ಕೈಯಲ್ಲೇ ಇತ್ತು. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎಬ್ಬಿಸಬೇಕಿತ್ತು ಅಂತ ಈಗಲೂ ಫೋನಿನಲ್ಲಿ ಜಗಳ ಆಡುತ್ತಾರೆ. ನ್ಯಾಯವಾದ ಜಗಳ.

ಹಡಗಿನ ಸೋಪು, ಈಜುಕೊಳದ ಕ್ಲೋರಿನ್, ಚಳಿ ಗಾಳಿ, ಸ್ಟ್ರಾಬೆರಿ, ಎಲ್ಲರ ಮೇಲೂ ಅನುಮಾನ ಪಟ್ಟೆವು. ಹಡಗು ಇಳಿದ ಮೇಲೂ, ಊರಿಗೆ ಬಂದ ಮೇಲೂ ಗಂಧೆ ನಿಲ್ಲಲಿಲ್ಲ, ಆಗ ಅರ್ಧ ಆರೋಪಿಗಳು ತಾವಾಗಿಯೇ ಬಿಡುಗಡೆಯಾದರು. ಮೈಸೂರಿನ ಚರ್ಮದ ಡಾಕ್ಟರು ತೋಳಿನ ಮೇಲೆ ಐದು ನಿಮಿಷ ಐಸ್ ಇಟ್ಟು ನೋಡಿದರು, ಏನೂ ಏಳಲಿಲ್ಲ. ಚಳಿಯೂ ಬಿಡುಗಡೆ. ನೋವಿನ ಮಾತ್ರೆ ಇದನ್ನು ಕೆಣಕಬಹುದು, ಸದ್ಯಕ್ಕೆ ಬೇಡ ಅಂದರು. ಆದರೆ ಅದನ್ನು ವರ್ಷಗಟ್ಟಲೆ ನುಂಗಿದ್ದೇನೆ, ಏನೂ ಆಗಿರಲಿಲ್ಲ. ಆರು ವಾರ ದಾಟಿದರೆ ಇದಕ್ಕೆ ಬೇರೆ ಹೆಸರು, ಹಾಗೆ ದಾಟಿದವರಲ್ಲಿ ಹೆಚ್ಚಿನವರಿಗೆ ಹೊರಗಿನ ಕಾರಣ ಅಂತ ಸಿಗೋದೇ ಇಲ್ಲ ಅಂದರು. ಅಲರ್ಜಿ ಮಾತ್ರೆ ದಿನಕ್ಕೆ ಒಂದಿದ್ದದ್ದು ಎರಡಾಯ್ತು, ನಾಲ್ಕಾಯ್ತು, ಮತ್ತೆ ನಿಧಾನಕ್ಕೆ ಇಳಿಯಿತು. (ಯಾರೂ ಡಾಕ್ಟರನ್ನು ಕೇಳದೆ ಹಾಗೆ ಏರಿಸಬೇಡಿ, ದಯವಿಟ್ಟು.)

ಆ ಡಾಕ್ಟರಿಗೂ ಥ್ಯಾಂಕ್ಸ್. ಅದಕ್ಕಿಂತ ಜಾಸ್ತಿ ಇನ್ನೊಂದಕ್ಕೆ: ನನ್ನ ಫೈಲಿನ ರಿಪೋರ್ಟುಗಳನ್ನು ಸರಸರ ತಿರುವಿದವರು, ಬಿಂಗೋ ಹಾಳೆಯ ಹಿಂಬದಿಯನ್ನು ಮಾತ್ರ ನಿಧಾನವಾಗಿ ಓದಿದರು. "ಇದನ್ನ ಬರೆದವರು ನರ್ಸಾ?" ಅಂತ ಕೇಳಿದರು. ಬೀಗಿತ್ತಿ ಅಂದೆ. ನಕ್ಕರು. ಹಾಳೆ ಈಗಲೂ ಫೈಲಿನಲ್ಲಿದೆ, ಒಂದು ಮೂಲೆಗೆ ಗುಲಾಬಿ ಬಣ್ಣದ ಹೆಬ್ಬೆರಳಿನ ಗುರುತು.

ಮುರುಗಲು ಹಣ್ಣಾಗಿದೆ, ಬಂದು ನಾಲ್ಕು ದಿನ ಇದ್ದು ಹೋಗಿ ಅಂತ ಕರೆದಿದ್ದಾರೆ. ನಾಳೆ ತಾಳಗುಪ್ಪದ ರೈಲು ಹತ್ತುತ್ತೇನೆ. ಇಳಿಯುವ ಸ್ಟೇಷನ್ ಹೆಸರು ಸಾಗರ ಜಂಬಗಾರು. ನಾನು ಹಿಂದೆ ಆಡಿದ ಮಾತು ಗೊತ್ತಿರುವ ನನ್ನ ಮಗ, "ಸರಿಯಾದ ಸ್ಟೇಷನ್ನಿನಲ್ಲೇ ಇಳೀತಿದ್ದೀಯ ಬಿಡು" ಅಂತ ಫೋನಿನಲ್ಲಿ ನಗಾಡಿದ.

ಏನು ತರಲಿ ಅಂತ ಅವರನ್ನು ಕೇಳಿದೆ. ಏನೂ ಬೇಡವಂತೆ. "ಉಗುರು ಕತ್ತರಿಸಿಕೊಂಡು ಬನ್ನಿ. ಹಗಲು ಹೊತ್ತಲ್ಲೇ."