ಪ್ರಶ್ನೆಯನ್ನೂ ಅಳೆಯುವವರು ಬೇಕು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ರಾಯಚೂರು, ಕೊಪ್ಪಳ ಎಷ್ಟನೇ ಸ್ಥಾನದಲ್ಲಿವೆ ಎಂಬುದೇ ಚರ್ಚೆ. ಮಕ್ಕಳು ಯಾವ ಪ್ರಶ್ನೆಯಲ್ಲಿ, ಏಕೆ ಎಡವಿದರು ಎಂದು ಕೇಳುವವರಿಲ್ಲ. ಒಮ್ಮೆ ಕಿರುಪರೀಕ್ಷೆಯಲ್ಲಿ ಶೇಕಡಾವಾರು ಲೆಕ್ಕವನ್ನು ಶಾಪಿಂಗ್ ಮಾಲ್‌ನ ರಿಯಾಯಿತಿಯ ಮೇಲೆ ಕೊಟ್ಟಿದ್ದೆ. ತರಗತಿಗೇ ಮುಂದಿರುವ ಹುಡುಗಿ ಜಾಗ ಖಾಲಿ ಬಿಟ್ಟಿದ್ದಳು. ಅದನ್ನೇ ಭತ್ತದ ದಲ್ಲಾಳಿ ಕಮಿಷನ್ ಎಂದು ಬದಲಿಸಿ ಕೇಳಿದೆ. ಥಟ್ಟನೆ ಉತ್ತರ ಬಂತು.

ಜಾಣ ಮಕ್ಕಳೇ ತಪ್ಪಿ, ಹಿಂದುಳಿದವರು ಸರಿ ಬರೆದರೆ ದೋಷ ಪ್ರಶ್ನೆಯದ್ದೇ ಇರಬಹುದು. ಪ್ರತಿ ಪ್ರಶ್ನೆಯ ಕಠಿಣತೆಯನ್ನೂ, ಕಲಿತವರನ್ನು ಕಲಿಯದವರಿಂದ ಬೇರ್ಪಡಿಸುವ ಅದರ ಶಕ್ತಿಯನ್ನೂ ಲೆಕ್ಕಹಾಕುವುದು ಶೈಕ್ಷಣಿಕ ಮಾಪನ ಮತ್ತು ಮೌಲ್ಯಮಾಪನದ ಮೊದಲ ಪಾಠ. ಇದನ್ನು ಓದಿದವರಿಗೆ ಪರೀಕ್ಷಾ ಮಂಡಳಿಗಳಲ್ಲಿ, ಎನ್‌ಸಿಇಆರ್‌ಟಿಯ ರಾಷ್ಟ್ರೀಯ ಮೌಲ್ಯಮಾಪನ ಕೇಂದ್ರವಾದ ‘ಪರಖ್’ನಂತಹ ಸಂಸ್ಥೆಗಳಲ್ಲಿ ತಕ್ಕ ಕೆಲಸವಿದೆ. ಆದರೆ ನಾನು ಬಲ್ಲ ಎಂ.ಇಡಿ ಪದವೀಧರರಿಗೆ ಆ ದಾರಿಯನ್ನು ತೋರಿಸಿದವರೇ ಇಲ್ಲ.

ಈ ಎರಡು ಜಿಲ್ಲೆಗಳ ಯರಮರಸ್, ಮುನಿರಾಬಾದ್ ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇಂತಹ ತಜ್ಞರೊಬ್ಬರಿಗೆ ಪ್ರತ್ಯೇಕ ಹುದ್ದೆ ಕೊಡಿ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತನಾಡುವ ಮಗುವನ್ನು ಕನ್ನಡ ಪ್ರಶ್ನೆಪತ್ರಿಕೆಯ ಲೆಕ್ಕ ಸೋಲಿಸುತ್ತಿದೆಯೇ, ಅದರ ವಾಕ್ಯ ಸೋಲಿಸುತ್ತಿದೆಯೇ? ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾರ್ಥಿಗಳು ಮೊದಲು ಕೈಗೆತ್ತಿಕೊಳ್ಳಬೇಕಾದ ವಿಷಯವಿದು.

– ಗಣಿತ ಶಿಕ್ಷಕಿ, ಸಿಂಧನೂರು, ರಾಯಚೂರು ಜಿಲ್ಲೆ