ಹಳೆಯ ಜೀಪುಗಳ ಚಿತ್ರಗಳಿಗೂ ಗೋಡೆ ಸಿಗಲಿ

ಮಾನ್ಯರೇ,

ಹಳೆಯ ಸೇನಾ ವಾಹನಗಳನ್ನೂ ಕಚ್ಚಾ ಹಾದಿಯ ಜೀಪುಗಳನ್ನೂ ಬಿಡಿಸುವ ಕಲಾವಿದರ ಕೃತಿಗಳಿಗೆ ಕಲಬುರಗಿಯ ಕಲಾ ಪ್ರದರ್ಶನಗಳಲ್ಲಿ ಜಾಗ ಸಿಗುವುದು ಅಪರೂಪ. ಇದನ್ನು ಬರೀ ಹವ್ಯಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಮುಂಭಾಗದ ಜಾಲರಿಯಲ್ಲಿ ಸಾಮಾನ್ಯವಾಗಿ 9 ಸೀಳುಗಳಿದ್ದರೆ, ಯುದ್ಧಾನಂತರ ನಾಗರಿಕರಿಗಾಗಿ ಬಂದ ಮಾದರಿಯಲ್ಲಿ 7 ಮಾತ್ರ ಇದ್ದವು. ಸೇನಾ ಜೀಪಿನ ಚಿಕ್ಕ ಹೆಡ್‌ಲೈಟ್‌ಗಳನ್ನು ಹಿಂದಕ್ಕೆ ಮಗುಚಿ, ರಾತ್ರಿ ಹೊತ್ತು ಎಂಜಿನ್ ರಿಪೇರಿಗೆ ಬೆಳಕು ಪಡೆಯಬಹುದಿತ್ತು. ಇಂಥ ವಿವರಗಳನ್ನು ಅರಿತು, ಚಪ್ಪಟೆ ಬಾನೆಟ್ಟಿನ ಮೇಲೆ ಬೀಳುವ ಬಿಸಿಲನ್ನೂ ಮಾಸಿದ ಹಸಿರು ಬಣ್ಣದಡಿ ಇಣುಕುವ ತುಕ್ಕನ್ನೂ ಕುಂಚದಲ್ಲಿ ಹಿಡಿಯುವುದು ಗಂಭೀರ ಅಭ್ಯಾಸ ಬೇಡುವ ಕೆಲಸ. ಜಬಲ್ಪುರದಲ್ಲಿ ನಮ್ಮ ಸೇನೆಗಾಗಿ ತಯಾರಾದ ಜೋಂಗಾ ಜೀಪು ಮತ್ತು ಶಕ್ತಿಮಾನ್ ಟ್ರಕ್‌ಗಳ ಉತ್ಪಾದನೆ 1990ರ ದಶಕದಲ್ಲಿಯೇ ನಿಂತಿರುವುದರಿಂದ ಈ ಚಿತ್ರಗಳಿಗೆ ದಾಖಲೆಯ ಬೆಲೆಯೂ ಇದೆ.

ಸಿನಿಮಾ ಪೋಸ್ಟರ್ ಹಾಗೂ ಕ್ಯಾಲೆಂಡರ್ ಚಿತ್ರಗಳಿಂದ ದೇಶದಾದ್ಯಂತ ಹೆಸರಾದ ಎಸ್.ಎಂ. ಪಂಡಿತರು ಹುಟ್ಟಿದ ಊರಿನಲ್ಲಿ ಜನಪ್ರಿಯ ಕಲೆಗೆ ಈ ಉಪೇಕ್ಷೆ ತಕ್ಕುದಲ್ಲ. 1948ರ ಸೇನಾ ಕಾರ್ಯಾಚರಣೆಯಿಂದ ಹೈದರಾಬಾದ್ ಸಂಸ್ಥಾನ ವಿಮೋಚನೆಗೊಂಡ ನೆನಪಿನ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಲ್ಲಿ ಜಿಲ್ಲಾಡಳಿತವು ಈ ವಾಹನಗಳನ್ನು ಬಿಡಿಸುವ ಕಲಾವಿದರ ಕೃತಿಗಳ ಪ್ರದರ್ಶನ ಏರ್ಪಡಿಸಬೇಕು, ನಿವೃತ್ತ ಯೋಧರನ್ನೂ ಹಳೆಯ ಮೆಕ್ಯಾನಿಕ್‌ಗಳನ್ನೂ ಅದಕ್ಕೆ ಆಹ್ವಾನಿಸಬೇಕು ಎಂದು ಕೋರುತ್ತೇನೆ.

– ಓರ್ವ ಕಲಾಸಕ್ತ, ಕಲಬುರಗಿ