ಶನಿವಾರದ ನಡಿಗೆ: ಮಳೆ ಬಂದರೂ ಹೊರಡೋಣ

ಎಲ್ಲರಿಗೂ ನಮಸ್ಕಾರ. ಶನಿವಾರ ಕೊಲಂಬಿಯಾ ನದಿ ಕಣಿವೆಯ ವಾಕ್ಲೆಲ್ಲಾ ಜಲಪಾತಕ್ಕೆ ಹೋಗುವುದು ಗಟ್ಟಿ. ಒರೆಗಾನ್‌ನಲ್ಲಿ ಚಳಿಗಾಲವೇ ಮಳೆಗಾಲ ಅಲ್ವಾ, ಜಲಪಾತ ಮೈದುಂಬಿ ಧುಮುಕುವುದೂ ಈಗಲೇ. ಹೋಗಿ ಬರಲು ಸುಮಾರು 2 ಮೈಲಿ, ಮಕ್ಕಳೂ ನಡೆಯಬಹುದು. ಆದರೆ ಅವರ ಕೈ ಮಾತ್ರ ಬಿಡಬೇಡಿ. ಹಾದಿಯ ಪಕ್ಕದಲ್ಲೇ ಟ್ಯಾನರ್ ತೊರೆ ರಭಸವಾಗಿ ಹರಿಯುತ್ತದೆ, ಪಾಚಿ ಹಿಡಿದ ಕಲ್ಲು, ಒದ್ದೆ ಎಲೆ ಎರಡೂ ಜಾರುತ್ತವೆ.

ಜೀನ್ಸ್ ಬೇಡ, ನೆಂದರೆ ಒಣಗುವುದಿಲ್ಲ, ಚಳಿ ಜಾಸ್ತಿಯಾಗುತ್ತದೆ. ರೈನ್‌ಕೋಟ್, ಒಂದು ಜೊತೆ ಕಾಲುಚೀಲ ಹೆಚ್ಚಿಗೆ ಇರಲಿ. 2017ರ ಕಾಳ್ಗಿಚ್ಚಿನಲ್ಲಿ ಈ ಕಣಿವೆಯಲ್ಲಿ ಸುಟ್ಟ ಮರಗಳು ಗಾಳಿಗೆ ಉರುಳಬಹುದು. ಹಾಗಾಗಿ ಜೋರು ಗಾಳಿಯ ಮುನ್ಸೂಚನೆ ಬಂದರೆ ಹೋಗುವುದು ಬೇಡ, ಶುಕ್ರವಾರ ರಾತ್ರಿ ಇಲ್ಲೇ ತಿಳಿಸುತ್ತೇನೆ.

ಪಾರ್ಕಿಂಗ್ ಜಾಗ ಚಿಕ್ಕದು. ಯಾರ ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ, ದಯವಿಟ್ಟು ಇವತ್ತೇ ಬರೆಯಿರಿ.